ನಮ್ಮೂರಿಗೊಂದು ಟಿವಿ ಸ್ಟೇಷನ್ ಯಾಕಿಲ್ಲ? ಚಾನೆಲ್ ಯಾರ್ ಇಟ್ಕೋಬೇಕು ಅನ್ನೋ ರೂಲ್ಸ್ ಗೊತ್ತಿದ್ದೋರು ಹೇಳ್ರಿ

ಭೀಮಾದಂಡಿ_ಹುಡುಗ (ಕಲಬುರಗಿ)

ಶರಣ್ರಿ ಎಲ್ಲರಿಗೂ. ಪೋಸ್ಟ್ ಉದ್ದ ಆಗ್ಯದ, ಸಿಟ್ಟಿನಾಗ ಬರ್ದೀನಿ, ತಪ್ಪಿದ್ರ ಹೊಟ್ಟ್ಯಾಗ ಹಾಕೋರಿ.

ನಾ 11 ವರ್ಷ ಕಲಬುರಗಿಯೊಳಗ ಕೇಬಲ್‌ನ ಲೋಕಲ್ ನ್ಯೂಸ್ ಮಾಡ್ದಾಂವ. ದೊಡ್ಡ ಸೆಟಪ್ ಏನಿಲ್ಲ, ಒಂದು ರೂಮು, ಗ್ವಾಡಿಗಿ ನೀಲಿ ಬಟ್ಟಿ, ಎರಡು ಟ್ಯೂಬ್‌ಲೈಟು. ಓದೋ ಹುಡುಗಿ ಫ್ಯಾನ್ ಬಂದ್ ಮಾಡಿ ಓದ್ತಿದ್ಳು, ಯಾಕಂದ್ರ ಮೈಕ್‌ನಾಗ ಫ್ಯಾನಿನ ಸಪ್ಪಳ ಬರ್ತಿತ್ತು, ಮೇ ತಿಂಗ್ಳದಾಗ ಕಲಬುರಗಿಯೊಳಗ ಫ್ಯಾನ್ ಇಲ್ದ 20 ನಿಮಿಷ ಕೂಡೋದು ಅಂದ್ರ ಏನಂತ ಇಲ್ಲಿನೋರಿಗೆ ಹೇಳೋದೇ ಬ್ಯಾಡ. ರಾತ್ರಿ 8ಕ್ಕ ಬುಲೆಟಿನ್, 10ಕ್ಕ ಅದೇ ರಿಪೀಟು, ಮುಂಜಾನಿ 7ಕ್ಕ ಮತ್ತ ಅದೇ. ಕೆಳಗ ಪಟ್ಟಿ ಓಡ್ತಿತ್ತು, ಸೀರಿ ಅಂಗಡಿ, ಬೋರ್‌ವೆಲ್, ಟ್ಯೂಷನ್, ನಡುನಡುವ ಯಾರ್ದೋ ಪುಣ್ಯಸ್ಮರಣೆ ಫೋಟೋ. ಅದ್ರ ದುಡ್ಡಿನ ಮ್ಯಾಲೇ ನಾಲ್ಕು ಮಂದಿ ಸಂಬಳ.

2020ರ ಅಕ್ಟೋಬರ್‌ದಾಗ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡಿ ಊರೂರೇ ನೀರಾಗ ಇದ್ದಾಗ ಯಾವ ರಸ್ತಾ ಬಂದ್ ಅದ, ಯಾವ ಬ್ರಿಡ್ಜ್ ಮ್ಯಾಲ ನೀರ್ ಹತ್ಯದ ಅಂತ ತಾಸಿಗೊಮ್ಮೆ ಪಟ್ಟಿ ಬದಲಿ ಮಾಡ್ತಿದ್ವಿ. ಬೆಂಗಳೂರಿನ ಚಾನೆಲ್‌ನೋರಿಗೆ ಎಲ್ಲಾ ನೀರೂ ಒಂದೇ, ಅದೇ ನಾಲ್ಕು ಶಾಟ್ ತಿರುಗಿ ತಿರುಗಿ ತೋರ್ಸಿದ್ರು.

ಈಗ ಏನಾಗ್ಯದ ಅಂದ್ರ ನಾವಿದ್ದ ಕೇಬಲ್ ಒಂದು ದೊಡ್ಡ ಎಂಎಸ್‌ಓದವರ (ಊರೂರಿನ ಕೇಬಲ್‌ಗೆ ಸಿಗ್ನಲ್ ಕಳಿಸೋರು) ಕೈಗೆ ಹೋಯ್ತು, ಹೆಸ್ರು ಬ್ಯಾಡ. ಬಂದ ಎರಡೇ ತಿಂಗ್ಳಿಗೆ ನಮ್ ಚಾನೆಲ್ ನಂಬರ್ ಬದಲಿ ಮಾಡಿ ಎಲ್ಲೋ ಮೂಲಿಗೆ ಒಗೆದ್ರು, ಆಮ್ಯಾಲ ಒಂದಿನ ಬಂದೇ ಆಯ್ತು. ಕೇಳ್ಲಾಕ ಹೋದ್ರ "ರೂಲ್ಸ್ ಬದಲಾಗ್ಯಾವ, ಕಂಪನಿ ಮಾಡ್ಕೊಂಡ್ ಬರ್ರಿ" ಅಂತ ಒಂದೇ ಮಾತು. ಯಾವ ರೂಲ್ಸು, ಕಾಗದ ತೋರ್ಸ್ರಿ ಅಂದ್ರ ಚಾ ತರಿಸಿದ್ರು. ಕಾಗದ ಬರಲಿಲ್ಲ.

ಹಂಗಾಗಿ ಕೇಳ್ಲಾಕತ್ತೀನಿ. ಟಿವಿ ಚಾನೆಲ್ ಯಾರ್ ಇಟ್ಕೋಬೌದು, ಒಬ್ಬಾಂವ ಎಷ್ಟ್ ಇಟ್ಕೋಬೌದು ಅಂತ ನಮ್ ದೇಶದಾಗ ಕಾಯ್ದೆ ಅದನೋ ಇಲ್ಲೋ? ಚಾನೆಲ್ ಅವಂದೇ ಕೇಬಲ್ ಅವಂದೇ ನೆಟ್ಟೂ ಅವಂದೇ ಆದ್ರ ನಮ್ಮಂಥೋರು ಎಲ್ಲಿ ಹೋಗ್ಬೇಕು? ಅಮೇರಿಕಾದಾಗ ಊರೂರಿಗೆ ಸ್ಟೇಷನ್ ಇರ್ತಾವ, ಒಬ್ಬಾಂವಗ ಇಷ್ಟಕ್ಕಿಂತ ಜಾಸ್ತಿ ಕೊಡಂಗಿಲ್ಲ ಅಂತ ಗೆಳೆಯಾ ಹೇಳ್ದ, ಖರೇನಾ? ನಾವೇ ನಾಲ್ಕೈದು ಮಂದಿ ಸೇರಿ ಸ್ವಂತ ಚಾನೆಲ್ ಮಾಡ್ಲಾಕ ಏನ್ ಬೇಕು?

ಕೇಬಲ್_ಕಾಕಾ (ಶಹಾಬಾದ)

ತಮ್ಮಾ, ನಿನ್ ಕೇಬಲ್ ಯಾವ್ದು ಅಂತ ನಾ ಕೇಳಂಗಿಲ್ಲ, ಕೇಳೋದೂ ಬ್ಯಾಡ, ಎಲ್ಲಾ ಊರಾಗೂ ಇದೇ ಕತಿ.

ನಾ 1993ರಾಗ ಒಂದ್ ವಿಸಿಆರ್ ಇಟ್ಟು 40 ಮನಿಗೆ ವಯರ್ ಎಳೆದಾಂವ. ಆಮ್ಯಾಲ 1995ರಾಗ ಕೇಬಲ್ ಕಾಯ್ದೆ ಬಂತು. ಕಾಯ್ದೆ ಅಂದ್ರ ಏನು, ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಫಾರ್ಮ್ ತುಂಬಿ 500 ರೂಪಾಯಿ ಕಟ್ಟೋದು, ವರ್ಷಕ್ಕೊಮ್ಮೆ ರಿನ್ಯೂವಲ್. ಮನಿಆರ್ಡರ್ ಮಾಡೋ ಮಂದಿ ಜೋಡಿ ಲೈನ್‌ನಾಗ ನಿಂತು ನಾನು ಟಿವಿ ಮಾಲಕ ಆದೆ! ಆ ಟೈಮಿನಾಗ ಕಂಟ್ರೋಲ್ ರೂಮ್ ನಮ್ದೇ. ಮ್ಯಾಲ ಡಿಶ್, ಒಳಗ ಚಾನೆಲ್ಲಿಗೊಂದು ಮಾಡ್ಯುಲೇಟರ್, ಅಂದ್ರ ಚಾನೆಲ್ನ ವಯರಿಗೆ ಹಾಕೋ ಮಶೀನು. ಒಂದು ಮಾಡ್ಯುಲೇಟರ್ ಖಾಲಿ ಇಟ್ಟು ನಮ್ ಸ್ವಂತ ಪಿಕ್ಚರ್, ಜಾತ್ರಿ, ಲಗ್ನ, ಎಲೆಕ್ಷನ್ ಕೌಂಟಿಂಗು ಎಲ್ಲಾ ಹಾಕ್ತಿದ್ವಿ. ಯಾರ್ ಪರ್ಮಿಷನ್ನೂ ಬೇಕಿದ್ದಿಲ್ಲ. (ಪಿಕ್ಚರ್ ಹಾಕಿದ್ದು ಕಳ್ಳತನ, ಅದನ್ನ ಒಪ್ಕೋತೀನಿ.)

ಆಟ ಬದಲಿ ಆಗಿದ್ದು ಡಿಜಿಟಲ್ ಬಂದಾಗ. ಮೊದಲ್ ದೊಡ್ಡ ಸಿಟಿ ಮಾಡಿದ್ರು, ನಮ್ಮಂಥ ಊರಿಗೆ ಮೂರನೇ ಹಂತದಾಗ 31 ಡಿಸೆಂಬರ್ 2015 ಅಂತ ಗಡುವು ಕೊಟ್ಟಿದ್ರು. ಪ್ರತಿ ಮನಿಗೆ ಡಬ್ಬಿ, ಸಿಗ್ನಲ್ ಎಲ್ಲಾ ಲಾಕ್. ಡಿಜಿಟಲ್ ಹೆಡ್‌ಎಂಡ್ (ಸಿಗ್ನಲ್ ಕಳಿಸೋ ಕಂಟ್ರೋಲ್ ರೂಮ್) ಕೂಡ್ಸೋ ದುಡ್ಡು ನಮ್ ಕಡಿ ಎಲ್ಲಿ? ಹಂಗಾಗಿ ಒಬ್ಬೊಬ್ರೇ ದೊಡ್ಡ ಎಂಎಸ್‌ಓಗೆ ಕೈ ಕೊಟ್ವಿ. ಸಿಗ್ನಲ್ ಅವ್ರು ಫೈಬರ್‌ನಾಗ ಕಳಿಸ್ತಾರ, ನಾವು ವಯರ್ ಕಾಯ್ಕೊಂಡು ಮನಿಮನಿ ತಿರುಗಿ ರೊಕ್ಕ ಎತ್ತೋ ಎಲ್‌ಸಿಓ, ಅಂದ್ರ ಲೋಕಲ್ ಕೇಬಲ್ ಆಪರೇಟರ್. ಬೋರ್ಡ್ ಮ್ಯಾಲ ನನ್ ಹೆಸ್ರೇ ಅದ, ಸ್ವಿಚ್ ಮಾತ್ರ ಹೈದರಾಬಾದಿನಾಗೋ ಬೆಂಗಳೂರಿನಾಗೋ ಅದ. ಮಾಲಕತ್ವ ಯಾರೂ ಕಸ್ಕೊಂಡಿಲ್ಲ ನೋಡು, ಡಬ್ಬಿ ಜೋಡಿ ತಾನೇ ಎದ್ದು ಹೋಯ್ತು.

ಈಗ ನಿನ್ ರೂಲ್ಸ್ ಮಾತು. 2022ರ ನವೆಂಬರ್‌ದಾಗ ದಿಲ್ಲಿ ಮಾಹಿತಿ ಪ್ರಸಾರ ಮಂತ್ರಾಲಯದವ್ರು ಲೋಕಲ್ ಚಾನೆಲ್ಲಿಗೆ ಪ್ಲಾಟ್‌ಫಾರ್ಮ್ ಸರ್ವಿಸ್ ಅಂತ ಹೆಸ್ರಿಟ್ಟು ಗೈಡ್‌ಲೈನ್ ತಂದ್ರು. ಚಾನೆಲ್ಲಿಗೆ 1000 ರೂಪಾಯಿ ಕಟ್ಟಿ ರಿಜಿಸ್ಟರ್ ಮಾಡ್ಸೋದು ಎಂಎಸ್‌ಓ, ನೀ ಅಲ್ಲ. ಇಂಥಾ ಚಾನೆಲ್ ಒಟ್ಟು ಚಾನೆಲ್ ಕೆಪ್ಯಾಸಿಟಿದಾಗ 5% ಮೀರಂಗಿಲ್ಲ, ಅದ್ರ ಮ್ಯಾಲ ಜಿಲ್ಲಾಕ್ಕ ಎರಡು ಚಾನೆಲ್ ಹೆಚ್ಚಿಗಿ ಹಾಕ್ಲಾಕ ಬರ್ತದ. ಲೋಕಲ್ ನ್ಯೂಸ್ ಹಾಕ್ಬೇಕಂದ್ರ ಕಂಪನಿ ಆಗಿರ್ಬೇಕು ಅನ್ನೋದೂ ಖರೇನೇ, ಆದ್ರ ಆ ಕಂಪನಿ ಆಗ್ಬೇಕಾಗಿದ್ದು ಎಂಎಸ್‌ಓ! ಅವ್ರು ತಮ್ಮ ಮ್ಯಾಲಿನ ರೂಲ್ ತಿರುಗ್ಸಿ ನಿನ್ ಹೆಗಲಿಗೆ ಹಾಕ್ಯಾರ. ನಂಗ ಅನಸ್ತದ ಅವ್ರಿಗೆ ನಿನ್ ಚಾನೆಲ್ ಬ್ಯಾಡ, ನೆವ ಬೇಕಾಗಿತ್ತು.

ಇನ್ನೊಂದು ಅದ, ಇದು ಯಾರೂ ಹೇಳಂಗಿಲ್ಲ. ಒಂದು ಕೇಬಲ್‌ನಾಗ ಬರೋ ಪ್ಲಾಟ್‌ಫಾರ್ಮ್ ಸರ್ವಿಸ್ ಪ್ರೋಗ್ರಾಂ ಇನ್ನೊಂದು ಕೇಬಲ್‌ನೋರ ಜೋಡಿ ಹಂಚ್ಕೊಳಂಗಿಲ್ಲ. ಅಂದ್ರ ನಿನ್ನ 8 ಗಂಟೆ ಬುಲೆಟಿನ್ ಊರಾಗಿನ ಎರಡೂ ಕೇಬಲ್‌ಗೆ ಕೊಟ್ಟು ಎರಡರ ಜಾಹೀರಾತು ತಗೊಂಡು ಬದುಕೋ ದಾರಿನೇ ಬಂದ್. ದೇವಸ್ಥಾನ, ಗುರುದ್ವಾರದ ಲೈವ್ ಮಾತ್ರ ಹಂಚ್ಕೋಬೌದು. ಶರಣಬಸವೇಶ್ವರ ಜಾತ್ರಿ ತೇರು ಇಬ್ರೂ ತೋರಿಸ್ಬೌದು, ತೇರಿನ ಮುಂದಿನ ರಸ್ತಾದಾಗ ತೆಗ್ಗು ಬಿದ್ದದ ಅಂತ ಸುದ್ದಿ ಮಾತ್ರ ಒಬ್ರೇ ತೋರಿಸ್ಬೇಕು.

ನೌಬಾದ್_ಮೇಡಂ (ಬೀದರ್)

ಕಾಕಾ ಕೆಳಗಿನ ತುದಿ ಚೆನ್ನಾಗಿ ಹೇಳಿದ್ರು, ನಾನು ಮೇಲಿನ ತುದಿ ಹೇಳ್ತೀನಿ. ಜರ್ನಲಿಸಂ ಪಾಠ ಮಾಡ್ತೀನಿ, ಹಾಗಾಗಿ ಸ್ವಲ್ಪ ಕ್ಲಾಸ್ ಥರ ಅನಿಸಿದ್ರೆ ಬೈಕೊಳ್ಳಿ.

ಒಬ್ಬರು ಎಷ್ಟು ಚಾನೆಲ್ ಇಟ್ಕೋಬಹುದು ಅಂತ ಕೇಳಿದ್ದೀರಿ. ನಮ್ಮಲ್ಲಿ ಟಿವಿಗೆ ಅಂಥ ಮಿತಿ ಇಲ್ಲ. ಪೇಪರ್, ಟಿವಿ, ವೆಬ್‌ಸೈಟ್ ಎಲ್ಲಾ ಒಬ್ಬರದ್ದೇ ಆಗಬಾರದು ಅನ್ನೋ ಕಾಯ್ದೇನೂ ಇಲ್ಲ. ತಮಾಷೆ ಏನಂದ್ರೆ ಖಾಸಗಿ ಎಫ್‌ಎಂ ರೇಡಿಯೋಗೆ ಇದೆ, ದೇಶದ ಒಟ್ಟು ಎಫ್‌ಎಂ ಚಾನೆಲ್‌ಗಳಲ್ಲಿ 15%ಗಿಂತ ಜಾಸ್ತಿ, ಒಂದು ಊರಲ್ಲಿ 40%ಗಿಂತ ಜಾಸ್ತಿ ಒಬ್ಬರ ಕೈಲಿ ಇರಬಾರದು. ಆದ್ರೆ ಆ ರೇಡಿಯೋ ಸ್ವಂತ ಸುದ್ದಿ ಓದೋ ಹಾಗಿಲ್ಲ, ಆಕಾಶವಾಣಿ ಬುಲೆಟಿನ್ ಹಾಕಬಹುದು ಅಷ್ಟೇ. ಸುದ್ದಿ ಇಲ್ಲದ ಕಡೆ ಮಿತಿ, ಸುದ್ದಿ ಇರೋ ಕಡೆ ಬಾಗಿಲು ತೆರೆದಿದೆ.

ಟಿವಿಗೆ ಇರೋದು ಮುಖ್ಯವಾಗಿ ದುಡ್ಡಿನ ಬಾಗಿಲು. ಸ್ಯಾಟಲೈಟ್ ನ್ಯೂಸ್ ಚಾನೆಲ್ ಶುರು ಮಾಡೋಕೆ ಕಂಪನಿಯ ನೆಟ್‌ವರ್ತ್ (ಸಾಲ ಕಳೆದು ಉಳಿಯೋ ಆಸ್ತಿ) 20 ಕೋಟಿ ಇರಬೇಕು, ಮನರಂಜನೆ ಚಾನೆಲ್ಲಿಗೆ 5 ಕೋಟಿ. ಒಂದು ಸಲ ಒಳಗೆ ಹೋದ ನ್ಯೂಸ್ ಕಂಪನಿಗೆ ಎರಡನೇ ಚಾನೆಲ್ಲಿಗೆ 5 ಕೋಟಿ ಹೆಚ್ಚಾಗಿ ತೋರಿಸಿದ್ರೆ ಸಾಕು, ಅಂದ್ರೆ ದೊಡ್ಡವರಿಗೆ ಮುಂದಿನ ಮೆಟ್ಟಿಲು ಸಣ್ಣದು. ನೀವು ನಾಲ್ಕೈದು ಜನ ಸೇರಿದ್ರೂ ಈ ಬಾಗಿಲು ದಾಟೋದು ಕಷ್ಟ ತಮ್ಮಾ, ಸುಳ್ಳು ಭರವಸೆ ಕೊಡಲ್ಲ.

ವಿದೇಶಿ ದುಡ್ಡಿನ ಮಿತಿಯೂ ಕನ್ನಡ ಟಿವಿಯನ್ನ ನಮಗೆ ಗೊತ್ತಾಗದ ಹಾಗೆ ಕತ್ತರಿಸಿದೆ. ಸುವರ್ಣ 2007ರಲ್ಲಿ ಬಂತು, ಮರುವರ್ಷ ಸುವರ್ಣ ನ್ಯೂಸ್. ಆಮೇಲೆ ವಿದೇಶಿ ಕಂಪನಿ ಸ್ಟಾರ್ ಬಂದಾಗ ಮನರಂಜನಾ ಚಾನೆಲ್ ಅವರ ಕಡೆ ಹೋಯ್ತು, ನ್ಯೂಸ್ ಚಾನೆಲ್ ಏಷ್ಯಾನೆಟ್ ನ್ಯೂಸ್ ಜೊತೆ ಉದ್ಯಮಿ ರಾಜೀವ್ ಚಂದ್ರಶೇಖರ್ ಕಡೆಯಲ್ಲೇ ಉಳೀತು. ಆಗ ಸುದ್ದಿ ಚಾನೆಲ್ಲಿನಲ್ಲಿ ವಿದೇಶಿ ಪಾಲು 26% ದಾಟೋ ಹಾಗಿರಲಿಲ್ಲ, 2015ರ ಕೊನೆಗೆ 49% ಮಾಡಿದ್ರು. ಅದಕ್ಕೇ ಎರಡು ಚಾನೆಲ್ಲಿಗೆ ಹೆಸರು ಒಂದೇ ಆದ್ರೂ ಮನೆ ಬೇರೆ ಬೇರೆ. ನಮ್ಮ ಅತ್ತೆಯವರು ಸೀರಿಯಲ್‌ನಲ್ಲಿ ಏನೋ ಸರಿ ಇಲ್ಲ ಅಂತ ನ್ಯೂಸ್ ಚಾನೆಲ್ಲಿನ ಫೇಸ್‌ಬುಕ್ಕಿನಲ್ಲಿ ಬೈದು ಬರ್ತಾರೆ, ಹೇಳಿದ್ರೂ ನಂಬಲ್ಲ.

ಇನ್ನು ಚಾನೆಲ್ಲೂ ಅವಂದೇ ವಯರೂ ಅವಂದೇ ಅನ್ನೋ ವಿಷಯ. ಡಿಟಿಎಚ್‌ಗೆ 2001ರ ಗೈಡ್‌ಲೈನ್‌ನಲ್ಲಿ ಒಂದು ರೂಲ್ ಬಂತು, ಚಾನೆಲ್ ಕಂಪನಿಗಳು, ಕೇಬಲ್ ಕಂಪನಿಗಳು ಡಿಟಿಎಚ್ ಕಂಪನಿಯಲ್ಲಿ 20%ಗಿಂತ ಜಾಸ್ತಿ ಪಾಲು ಇಟ್ಕೊಳ್ಳೋ ಹಾಗಿಲ್ಲ. ಒಳ್ಳೇ ರೂಲು. ಆದ್ರೆ ಅದು ಎಣಿಸೋದು ಕಂಪನೀನ, ಮನೆತನಾನ ಅಲ್ಲ. ಉದಯ ಟಿವಿ ನಡೆಸೋ ಸನ್ ಟಿವಿ ನೆಟ್‌ವರ್ಕ್ ಒಂದು ಕಂಪನಿ, ಸನ್ ಡೈರೆಕ್ಟ್ ಇನ್ನೊಂದು ಕಂಪನಿ, ಎರಡರ ಹಿಂದೆಯೂ ಮಾರನ್ ಕುಟುಂಬ. ಜೀ ಮತ್ತು ಡಿಶ್ ಟಿವಿ ಕೂಡ ಒಂದೇ ಗುಂಪಿಂದ ಹುಟ್ಟಿದ್ದು. ಕಾಗದದಲ್ಲಿ ಗೋಡೆ ಇದೆ, ಊಟ ಒಂದೇ ಅಡುಗೆಮನೆಯಿಂದ.

ಕೇಬಲ್‌ಗೆ ಆ ಕಾಗದದ ಗೋಡೆಯೂ ಇಲ್ಲ. ರಿಲಯನ್ಸ್ 2014ರಲ್ಲಿ ನೆಟ್‌ವರ್ಕ್18 ಅನ್ನೋ ಚಾನೆಲ್ ಕಂಪನಿ ತಗೊಂಡಿತು, ಈಟಿವಿ ಕನ್ನಡ ಕಲರ್ಸ್ ಕನ್ನಡ ಆಗಿದ್ದು ಅದರ ಮರುವರ್ಷ. 2018ರಲ್ಲಿ ಡೆನ್, ಹಾಥ್‌ವೇ ಕೇಬಲ್ ಕಂಪನಿಗಳಲ್ಲಿ ದೊಡ್ಡ ಪಾಲು ತಗೊಂಡ್ರು. 2024ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ ಸ್ಟಾರ್‌ನ ಮಾಲೀಕ ಡಿಸ್ನಿ ಜೊತೆಗಿನ ವಿಲೀನಕ್ಕೆ ಒಪ್ಪಿಗೆ ಕೊಡ್ತು, ಕೆಲವು ಚಾನೆಲ್ ಬಿಟ್ಟುಕೊಡಬೇಕು ಅನ್ನೋ ಷರತ್ತಿನ ಮೇಲೆ. ನವೆಂಬರ್‌ನಲ್ಲಿ 70,352 ಕೋಟಿಯ ಜಂಟಿ ಕಂಪನಿ ಆಯ್ತು. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಅಂತ ಸಂಜೆ ನಾಲ್ಕು ಚಾನೆಲ್ ಕಾಣುತ್ತೆ, ಯಜಮಾನರು ಮೂರೇ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಸೀರಿಯಲ್‌ಗೆ ಸಂಭಾಷಣೆ ಬರೀತಾನೆ, ಮೊದಲು ಒಂದು ಕಡೆ ಕಥೆ ಬೇಡ ಅಂದ್ರೆ ಇನ್ನೊಂದು ಕಡೆ ಫೈಲ್ ಹಿಡ್ಕೊಂಡು ಹೋಗ್ತಿದ್ದೆ ಮೇಡಂ, ಈಗ ಆ ಇನ್ನೊಂದು ಕಡೆ ಹೋಗೋಕೂ ಮುಜುಗರ ಅಂತಾನೆ.

ಟೆಲಿಕಾಂ, ಪ್ರಸಾರ ಎರಡನ್ನೂ ನೋಡ್ಕೊಳ್ಳೋ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಇದು ಗೊತ್ತಿಲ್ಲ ಅಂತಲ್ಲ. 2009ರಲ್ಲಿ ಒಂದು ಸಲ, 2014ರ ಆಗಸ್ಟ್‌ನಲ್ಲಿ ಇನ್ನೊಂದು ಸಲ ಶಿಫಾರಸು ಕಳಿಸಿದೆ. ಒಂದೊಂದು ಭಾಷೆಯ ಮಾರ್ಕೆಟ್ಟಿನಲ್ಲಿ ಪೇಪರ್, ಟಿವಿ ಎರಡರಲ್ಲೂ ಒಬ್ಬರೇ ದೊಡ್ಡವರಾದ್ರೆ ಒಂದನ್ನ ಕಡಿಮೆ ಮಾಡ್ಕೋಬೇಕು, ರಾಜಕೀಯ ಪಕ್ಷ, ಧಾರ್ಮಿಕ ಸಂಸ್ಥೆ, ಸರ್ಕಾರ ಇವರಿಗೆಲ್ಲ ಚಾನೆಲ್ ಕೊಡಬಾರದು ಅಂತೆಲ್ಲಾ ಅದರಲ್ಲಿತ್ತು. ಕಾಯ್ದೆ ಆಗಲಿಲ್ಲ. ಮಾಡಬೇಕಾದವರು ಯಾರು ಅಂತ ಯೋಚನೆ ಮಾಡಿದ್ರೆ ಯಾಕೆ ಆಗಲಿಲ್ಲ ಅಂತ ಗೊತ್ತಾಗುತ್ತೆ. ಕಸ್ತೂರಿ ಟಿವಿ 2007ರಲ್ಲಿ ಕುಮಾರಸ್ವಾಮಿ ಕುಟುಂಬದಿಂದ ಬಂದಿದ್ದು ಎಲ್ಲರಿಗೂ ಗೊತ್ತು. ಪಕ್ಷ ಬೇರೆ ಕುಟುಂಬ ಬೇರೆ ಕಂಪನಿ ಬೇರೆ, ಮತ್ತೆ ಅದೇ ಕಾಗದದ ಗೋಡೆ.

ಶಹಾಪುರ_ಭಾಯ್ (ಯಾದಗಿರಿ)

ಮೇಡಂ ಎಲ್ಲಾ ಸರಿ ಆದ್ರ ನಂದೊಂದು ಉಲ್ಟಾ ಮಾತು. ದೊಡ್ಡೋರ್ ಕೈಗೆ ಹೋಗಿದ್ದಕ್ಕ ಚಿತ್ರ ಕ್ಲಿಯರ್ ಬರ್ಲಾಕತ್ಯದ, ಮಳಿ ಬಂದ್ರ ಮೂರ್ ದಿನ ಕೇಬಲ್ ಬಂದ್ ಇರೋದು ತಪ್ಪ್ಯದ. ನಮ್ ಊರಾಗಿನ ಹಳೇ ಕೇಬಲ್‌ನಾಂವ ತನಗ ಆಗದ ಮನಿ ವಯರ್ ಕತ್ತರಿಸ್ತಿದ್ದ, ಎಲೆಕ್ಷನ್ ಟೈಮಿನಾಗ ಒಂದೇ ಕಡಿ ಸುದ್ದಿ. ಸಣ್ಣಾಂವ ಮಾಲಕ ಅಂದ ಮಾತ್ರಕ್ಕ ಒಳ್ಳೇಂವ ಅಂತೇನಿಲ್ಲ. ಮತ್ತ ಈ ಅಣ್ಣ ಯೂಟ್ಯೂಬ್‌ನಾಗ ಯಾಕ ಹಾಕಂಗಿಲ್ಲ? ನೆಟ್‌ವರ್ತ್ ಕೇಳಂಗಿಲ್ಲ, ಎಂಎಸ್‌ಓ ಬೇಕಾಗಿಲ್ಲ.

ಭೀಮಾದಂಡಿ_ಹುಡುಗ

ಹಾಕೀನಿ ಭಾಯ್, ಎಂಟ್ ತಿಂಗ್ಳಾತು. ನೋಡೋರು ಎಲ್ಲಾ ಬೆಂಗಳೂರು, ಪುಣೆ, ದುಬೈಗೆ ಹೋದ ನಮ್ಮೂರ ಹುಡುಗ್ರು. ಊರಾಗಿನ ಮುದುಕ್ರು, ಮನ್ಯಾಗಿನ ಹೆಣ್ಮಕ್ಳು ಬಿಟ್ಟೇ ಹೋದ್ರು. ನಮ್ಮವ್ವ ರಿಮೋಟ್‌ನಾಗ ನಂಬರ್ ಒತ್ತಿ 8ಕ್ಕ ಕೂಡ್ತಿದ್ಳು, ಫೋನ್‌ನಾಗ ಹುಡುಕು ಅಂದ್ರ "ಅದ್ರಾಗ ನೀ ಎಲ್ಲಿರ್ತಿ ನಂಗೇನ್ ಗೊತ್ತು" ಅಂತಾಳ. ಪಟ್ಟಿ ಜಾಹೀರಾತು ಕೊಡ್ತಿದ್ದ ಸೀರಿ ಅಂಗಡಿ ಮಾಲಕ್ರೂ ಅದನ್ನೇ ಅಂತಾರ, ದುಬೈನಾಂವ ನಮ್ ಅಂಗಡಿಗೆ ಬರ್ತಾನೇನಪಾ ಅಂತ. ಹಳೇ ಕೇಬಲ್‌ನೋರ ದಾದಾಗಿರಿ ಮಾತು ಒಪ್ತೀನಿ, ನಾನೂ ಅನುಭವಿಸೀನಿ.

ಮೇಡಂ, ಒಂದು ಡೌಟು. ಎಂಎಸ್‌ಓ ಚಾನೆಲ್ ಹಾಕಂಗಿಲ್ಲ ಅನ್ಲಾಕ ಬರಂಗಿಲ್ಲ, ಕೇಳಿದ್ರ ಹಾಕ್ಲೇಬೇಕು ಅಂತ ರೂಲ್ ಅದ ಅಂತಾರಲ್ಲ?

ನೌಬಾದ್_ಮೇಡಂ

ಇದೆ, ಮಸ್ಟ್ ಕ್ಯಾರಿ ಅಂತಾರೆ. ಆದ್ರೆ ಅದು ಮಂತ್ರಾಲಯದ ಪರ್ಮಿಷನ್ ಇರೋ ಸ್ಯಾಟಲೈಟ್ ಚಾನೆಲ್ಲಿಗೆ. ಚಾನೆಲ್ ಹಾಕೋಕೆ ಚಾನೆಲ್‌ನವರಿಂದ ತಗೊಳ್ಳೋ ಕ್ಯಾರೇಜ್ ಫೀಗೂ ಮಿತಿ ಇದೆ, ಒಂದು ಚಾನೆಲ್ಲಿಗೆ ತಿಂಗಳಿಗೆ ಒಂದು ಮನೆಗೆ ಹೆಚ್ಚಂದ್ರೆ 20 ಪೈಸೆ. ನಿಮ್ಮದು ಕಾನೂನಿನ ಕಣ್ಣಲ್ಲಿ ಚಾನೆಲ್ಲೇ ಅಲ್ಲ, ಎಂಎಸ್‌ಓನ ಸ್ವಂತ ಸೇವೆ. ಬೇಕಾದಾಗ ಹಾಕ್ತಾನೆ, ಬೇಡ ಅಂದಾಗ ತೆಗೀತಾನೆ. ಹನ್ನೊಂದು ವರ್ಷ ದುಡಿದಿದ್ದು ನೀವು, ಮಾಲೀಕ ಅವನು.

ಟೆಕ್ಸಾಸ್_ಬಸವಕಲ್ಯಾಣ

ನಾನು ಬಸವಕಲ್ಯಾಣದವ, ಈಗ ಡಲ್ಲಾಸ್ ಹತ್ತಿರ ಇರೋದು. ಅಮೇರಿಕಾ ವಿಷಯ ಬಂತಲ್ಲ ಅದಕ್ಕೆ ಹೇಳ್ಲಾಕ ಬಂದೆ.

ಖರೇ ಅದ. ಇಲ್ಲಿ ದೇಶಾನ 210 ಟಿವಿ ಮಾರ್ಕೆಟ್ ಮಾಡ್ಯಾರ, ಒಂದೊಂದು ಮಾರ್ಕೆಟ್ಟಿಗೆ ನಾಲ್ಕಾರು ಲೋಕಲ್ ಸ್ಟೇಷನ್, ಅವ್ರದ್ದೇ ನ್ಯೂಸು, ಅವ್ರದ್ದೇ ಹವಾಮಾನ. ಸುಂಟರಗಾಳಿ ಬಂದ್ರ ನಾವು ಮೊದಲ್ ಲೋಕಲ್ ಚಾನೆಲ್ ಹಚ್ತೀವಿ, ಯಾವ ಓಣಿ ಕಡಿ ಹೊಂಟದ ಅಂತ ಮ್ಯಾಪ್ ಹಾಕಿ ಹೇಳ್ತಾರ. ಒಂದು ಕಂಪನಿ ಸ್ಟೇಷನ್‌ಗಳು ಒಟ್ಟು ದೇಶದ 39% ಮನಿಗಿಂತ ಜಾಸ್ತಿ ಮುಟ್ಟಂಗಿಲ್ಲ ಅಂತ 2004ರಿಂದ ಕಾಯ್ದೆ.

ಆದ್ರ ಇಲ್ಲೂ ಕಾಗದದ ಗೋಡೆ ಅದ ಮೇಡಂ. ಯುಎಚ್‌ಎಫ್ (ಹೆಚ್ಚಿನ ಫ್ರೀಕ್ವೆನ್ಸಿದ) ಸ್ಟೇಷನ್ ಇದ್ರ ಅದು ಮುಟ್ಟೋ ಮನಿ ಅರ್ಧಾನೇ ಲೆಕ್ಕಕ್ಕ ಹಿಡೀತಾರ. ಆಂಟೆನಾ ಕಾಲದಾಗ ಆ ಸಿಗ್ನಲ್ ವೀಕ್ ಇರ್ತಿತ್ತು ಅಂತ ಮಾಡಿದ್ದು, ಡಿಜಿಟಲ್ ಬಂದ್ಮ್ಯಾಲ ವೀಕ್ ಹೋಯ್ತು, ಅರ್ಧ ಲೆಕ್ಕ ಉಳೀತು. ಪೇಪರ್ ಮತ್ತ ಟಿವಿ ಒಂದೇ ಊರಾಗ ಒಬ್ಬರದ್ದೇ ಇರ್ಬಾರ್ದು ಅಂತ 1975ರ ರೂಲ್ ಇತ್ತು, 2017ರಾಗ ತೆಗೆದ್ರು, ಕೋರ್ಟು ಕಚೇರಿ ಎಲ್ಲಾ ಆಗಿ 2021ರಾಗ ಸುಪ್ರೀಂ ಕೋರ್ಟ್ ತೆಗೆದಿದ್ದು ಸರಿ ಅಂತು. ಅದೇ 2017ರಾಗ ಸ್ಟೇಷನ್ ಇರೋ ಊರ ಹತ್ರನೇ ಸ್ಟುಡಿಯೋ ಇರ್ಬೇಕು ಅನ್ನೋ ಹಳೇ ರೂಲೂ ಹೋಯ್ತು. ಆಮ್ಯಾಲ ಏನಾಯ್ತು ಅಂದ್ರ 2018ರಾಗ ಸಿಂಕ್ಲೇರ್ ಕಂಪನಿಯ ಬ್ಯಾರೆ ಬ್ಯಾರೆ ಊರಿನ ಆಂಕರ್‌ಗಳು ಒಂದೇ ಸ್ಕ್ರಿಪ್ಟ್ ಅಕ್ಷರಕ್ಕ ಅಕ್ಷರ ಓದಿದ ವಿಡಿಯೋ ಎಲ್ಲಾ ಕಡಿ ಹರಿದಾಡ್ತು. ಊರು ಬ್ಯಾರೆ, ಮುಖ ಬ್ಯಾರೆ, ಬಾಯಿ ಒಂದೇ. ನೆಕ್ಸ್‌ಸ್ಟಾರ್ ಅನ್ನೋ ಕಂಪನಿ ಆಫೀಸು ನಮ್ ಮನಿ ಕಡಿಗೇ ಇರ್ವಿಂಗ್‌ನಾಗ ಅದ, ಈಗಾಗಲೇ ಇನ್ನೂರರ ಮ್ಯಾಲ ಸ್ಟೇಷನ್ ಇವ, 2025ರ ಆಗಸ್ಟ್‌ದಾಗ 620 ಕೋಟಿ ಡಾಲರಿಗೆ ಟೆಗ್ನಾ ಕಂಪನಿ ಕೊಳ್ತೀವಿ ಅಂತ ಘೋಷಣೆ ಮಾಡಿದ್ರು. ಅವ್ರ ವಾದ ಏನು ಗೊತ್ತೇನು, ಗೂಗಲ್, ಫೇಸ್‌ಬುಕ್ಕಿಗೆ ಮಿತಿ ಇಲ್ಲ, ನಮಗಷ್ಟೇ ಯಾಕ ಅಂತ. ಜಾಹೀರಾತು ಎಲ್ಲಾ ಆ ಕಡಿ ಹೋಗ್ಯದ ಅನ್ನೋದು ಸುಳ್ಳಲ್ಲ.

ಆದ್ರೂ ಒಂದು ಫರಕ್ ಅದ. ಇಲ್ಲಿ ಟಿವಿ ಹುಟ್ಟಿದ್ದೇ ಊರಿನ ಟವರ್ ಮ್ಯಾಲ, ಲೈಸೆನ್ಸ್ ಊರಿನ ಹೆಸರಿಗೆ. ನಮ್ಮಲ್ಲಿ ಟವರ್ ಹಾಕೋ ಹಕ್ಕು ದೂರದರ್ಶನಕ್ಕಷ್ಟೇ ಇತ್ತು, ಖಾಸಗಿಯವ್ರು ಆಕಾಶದಿಂದ ಇಳಿದ್ರು. ಆಕಾಶದಿಂದ ನೋಡಿದ್ರ ಕಲಬುರಗಿ ಕಾಣಂಗಿಲ್ಲ, ಕನ್ನಡ ಅನ್ನೋ ಒಂದೇ ಮಾರ್ಕೆಟ್ ಕಾಣ್ತದ.

ಕೇಬಲ್_ಕಾಕಾ

ಟವರ್ ಅಂದ್ಯಲ್ಲ ತಮ್ಮಾ, ಬೆಂಗಳೂರಿಗಿಂತ ಮೊದಲು ಟವರ್ ಬಂದಿದ್ದು ನಮ್ಮೂರಿಗೇ! ಅದಕ್ಕೂ ಮೊದಲು 1975ರ ಆಗಸ್ಟ್‌ದಿಂದ ಒಂದು ವರ್ಷ ಸೈಟ್ ಅಂತ ಪ್ರಯೋಗ ಮಾಡಿದ್ರು, ಅಮೇರಿಕಾದ ಉಪಗ್ರಹದಿಂದ ಆರು ರಾಜ್ಯದ 2400 ಹಳ್ಳಿಗೆ ಟಿವಿ, ನಮ್ ಗುಲ್ಬರ್ಗಾ ಜಿಲ್ಲಾನೂ ಅದ್ರಾಗಿತ್ತು. ನಾ ಸಣ್ಣಾಂವ, ನಮ್ಮಾವನ ಹಳ್ಳ್ಯಾಗ ಶಾಲಿ ಪಡಸಾಲ್ಯಾಗ ಟಿವಿ ಇಟ್ಟಿದ್ರು, ಮಾಳಗಿ ಮ್ಯಾಲ ಕೋಳಿ ಬುಟ್ಟಿ ಜಾಳಗಿ ಥರ ತಂತಿ ಛತ್ರಿ. ಸಂಜಿಗಿ ಊರೇ ಬಂದು ಕೂಡ್ತಿತ್ತು, ಎತ್ತಿಗೆ ಬರೋ ರೋಗದ್ದು ತೋರ್ಸ್ತಿದ್ರು. 1977ರಾಗ ಗುಲ್ಬರ್ಗಾ ದೂರದರ್ಶನ ಬಂತು, ಬೆಂಗಳೂರಿಗೆ 1981ರಾಗ. 2021ರ ಸುಮಾರಿಗೆ ಹಳೇ ಟ್ರಾನ್ಸ್‌ಮಿಟರ್ ಬಂದ್ ಮಾಡೋ ಟೈಮಿನಾಗ ಕೇಂದ್ರಾನೇ ಮುಚ್ತಾರ ಅಂತ ಗದ್ದಲ ಆಗಿತ್ತು, ಪ್ರಸಾರ ಭಾರತಿಯವ್ರು ಮುಚ್ಚಂಗಿಲ್ಲ, ಇಲ್ಲಿನ ಪ್ರೋಗ್ರಾಂ ಉಪಗ್ರಹ, ಯೂಟ್ಯೂಬ್ ಮ್ಯಾಲ ಬರ್ತಾವ ಅಂದ್ರು. ಅಂದ್ರ ನಮ್ ಸ್ಟೇಷನ್ನೂ ಟವರ್ ಬಿಟ್ಟು ಆಕಾಶ ಹತ್ತಿತು.

ಇರ್ಲಿ. ಹುಡುಗ, ನೀ ಒಂದು ಕೆಲಸ ಮಾಡು. ಆ ಎಂಎಸ್‌ಓಗೆ ಬಾಯಿಲೆ ಕೇಳ್ಬ್ಯಾಡ, ನಿಮ್ ಪ್ಲಾಟ್‌ಫಾರ್ಮ್ ಸರ್ವಿಸ್ ರಿಜಿಸ್ಟ್ರೇಷನ್ ಎಷ್ಟವ, ಕಲಬುರಗಿ ಜಿಲ್ಲಾದ ಎರಡು ಚಾನೆಲ್ ಯಾರಿಗೆ ಕೊಟ್ಟೀರಿ ಅಂತ ಕಾಗದದ ಮ್ಯಾಲ ಕೇಳು. ಅವು ಖಾಲಿ ಇದ್ರ ನೆವ ಹೇಳ್ಲಾಕ ಬರಂಗಿಲ್ಲ. ನಮ್ ಕಡಿ ಇನ್ನೊಂದು ಸಣ್ಣ ಎಂಎಸ್‌ಓ ಅದ, ಕಂಪನಿ ಆಗ್ಯದ, ಅವ್ರ ಜೋಡಿ ನಾ ಮಾತಾಡ್ತೀನಿ. ಹಳೇ ಬುಲೆಟಿನ್ ನಾಲ್ಕು ಪೆನ್‌ಡ್ರೈವ್‌ನಾಗ ಹಾಕ್ಕೊಂಡ್ ಬಾ, ಪ್ರವಾಹದ್ದು ಇರ್ಲೇಬೇಕು.

ಭೀಮಾದಂಡಿ_ಹುಡುಗ

ಆಯ್ತು ಕಾಕಾ. ಪ್ರವಾಹದ್ದು ಆ ಹುಡುಗಿ ಕಡಿ ಅದ, ಈಗಾಕಿ ಸೇಡಂದಾಗ ಶಾಲಿ ಟೀಚರ್. ಇಸ್ಕೊಂಡ್ ಬರ್ತೀನಿ. ಸೋಮವಾರ ಬರ್ಲಾ?

ಕೇಬಲ್_ಕಾಕಾ

ಸೋಮವಾರ ಸಂತಿ, ಮಂಗಳವಾರ ಲೈನ್ ಮೆಂಟೇನೆನ್ಸ್, ಕರೆಂಟ್ ಇರಂಗಿಲ್ಲ. ಬುಧವಾರ ಮುಂಜಾನಿ ಬಾ.